ಬಾನಿನಲ್ಲೂ ಧರೆ ಕುಸಿಯುತ್ತದೆ: ಡಿಂಕಿನೆಶ್ ಎಂಬ ಪುಟ್ಟ ಕ್ಷುದ್ರಗ್ರಹದ ಕತೆ

2025ರ ಫೆಬ್ರವರಿ. ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯ ಅಂಗಳದಲ್ಲಿ ಕಡೇ ಕೊಯ್ಲಿನ ಅಡಿಕೆ ಒಣಗುತ್ತಿತ್ತು. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದಾಗ ಭಾವನ ಮೊಬೈಲಿಗೆ ಒಂದು ಫಾರ್ವರ್ಡ್ ಬಂತು. ಆಕಾಶದಿಂದ ಒಂದು ಬಂಡೆ ಬರುತ್ತಿದೆ, 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬೀಳುತ್ತದೆ, ಭಾರತದ ಮೇಲೂ ಬೀಳಬಹುದು. ಕೆಳಗೆ ಬೆಂಕಿಯುಂಡೆಯ ಚಿತ್ರ.

ಸುದ್ದಿ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. 2024ರ ಡಿಸೆಂಬರ್ 27ರಂದು ಚಿಲಿ ದೇಶದ ಒಂದು ದೂರದರ್ಶಕ 2024 ವೈಆರ್4 ಎಂಬ ಸುಮಾರು 60 ಮೀಟರ್ ಗಾತ್ರದ ಕ್ಷುದ್ರಗ್ರಹವನ್ನು ಪತ್ತೆ ಮಾಡಿತ್ತು. ಅದು ಭೂಮಿಗೆ ಬಡಿಯುವ ಸಾಧ್ಯತೆ ಫೆಬ್ರವರಿ 18ರ ಹೊತ್ತಿಗೆ ಶೇ. 3.1ಕ್ಕೆ ಏರಿತ್ತು. ಇನ್ನಷ್ಟು ದಿನ ಗಮನಿಸಿ ಲೆಕ್ಕ ಹಾಕಿದ ಮೇಲೆ, ಅದೇ ತಿಂಗಳ ಕೊನೆಯೊಳಗೆ, ಆ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಫಾರ್ವರ್ಡ್ ಮಾತ್ರ ಏಪ್ರಿಲ್‌ವರೆಗೂ ಓಡಾಡಿತು, ಅದು ಬೇರೆ ಮಾತು.

ಆ ರಾತ್ರಿ ಭಾವ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. "ಅಲ್ಲ ಮಾರಾಯ, ಹೋಗಿ ಒಂದು ಮದ್ದು ಇಟ್ಟು ಸಿಡಿಸಿದ್ರೆ ಆಯ್ತಲ್ಲ? ಕ್ವಾರೀಲಿ ಬಂಡೆ ಒಡೆಯಲ್ವಾ?"

"ಕ್ವಾರೀಲಿ ಇರೋದು ಬಂಡೆ ಭಾವ. ಇವು ಎಷ್ಟೋ ಬಂಡೆಯೇ ಅಲ್ಲ."

"ಮತ್ತೆ?"

ಆ "ಮತ್ತೆ"ಗೆ ಉತ್ತರವೇ ಈ ಬರಹ. ಉತ್ತರಕ್ಕಾಗಿ ನಾನು ಹಿಡಿದುಕೊಂಡಿರುವುದು ವೈಆರ್4 ಅನ್ನಲ್ಲ. ಅದರ ಹತ್ತಿರಕ್ಕೆ ಯಾರೂ ಹೋಗಿಲ್ಲ. ಹತ್ತಿರದಿಂದ ಫೋಟೊ ತೆಗೆದು ಬಂದಿರುವ ಇನ್ನೊಂದಿದೆ, ಹೆಸರು ಡಿಂಕಿನೆಶ್. ಯಾರ ತಂಟೆಗೂ ಬರದೆ ದೂರದಲ್ಲಿ ತನ್ನ ಪಾಡಿಗೆ ಸುತ್ತುತ್ತಿರುವ ಪುಟ್ಟ ಕಲ್ಲಿನ ಕ್ಷುದ್ರಗ್ರಹ ಅದು.

ಮೊದಲು ಹೆಸರಿನ ಗೊಂದಲ

"ಕ್ಷುದ್ರ" ಅಂದ ಕೂಡಲೇ ನಮ್ಮಲ್ಲಿ ಮಾಟ, ಮಂತ್ರ, ಕ್ಷುದ್ರ ದೇವತೆ ನೆನಪಾಗುತ್ತವೆ. ಆ ಪದವೇ ಸ್ವಲ್ಪ ಹೆದರಿಸುತ್ತದೆ. ಇಲ್ಲಿ ಅದರ ಅರ್ಥ ಇಷ್ಟೇ, ಚಿಕ್ಕದು. ಸೂರ್ಯನ ಸುತ್ತ ಸುತ್ತುವ, ಗ್ರಹ ಅನ್ನಿಸಿಕೊಳ್ಳುವಷ್ಟು ದೊಡ್ಡದಲ್ಲದ, ಕಲ್ಲು ಅಥವಾ ಲೋಹದ ಕಾಯ ಕ್ಷುದ್ರಗ್ರಹ. ಮಂಜುಗಡ್ಡೆ ಜಾಸ್ತಿ ಇದ್ದು, ಸೂರ್ಯನ ಹತ್ತಿರ ಬಂದಾಗ ಬಾಲ ಬಿಡುವುದು ಧೂಮಕೇತು, ನಮ್ಮ ಹಿರಿಯರ ಬಾಲಚುಕ್ಕಿ. ಇಂಥ ಯಾವುದರದ್ದಾದರೂ ಚೂರು ಭೂಮಿಯ ಗಾಳಿಗೆ ನುಗ್ಗಿ ಉರಿಯುವಾಗ ಕಾಣುವ ಬೆಳಕಿನ ಗೆರೆ ಉಲ್ಕೆ. ಉರಿದು ಮುಗಿಯದೆ ನೆಲಕ್ಕೆ ಬಿದ್ದ ಚೂರು ಉಲ್ಕಾಶಿಲೆ. ನಕ್ಷತ್ರ ಉದುರಿತು ಅನ್ನುತ್ತೇವಲ್ಲ, ಆಗ ಉದುರುವುದು ಹೆಚ್ಚಿನ ಸಲ ಮರಳಿನ ಕಾಳಿನಷ್ಟು ಧೂಳು.

ಮೊದಲ ಕ್ಷುದ್ರಗ್ರಹ ಸಿಕ್ಕಿದ್ದು 1801ರ ಜನವರಿ 1ರಂದು. ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿ ಕಂಡ ಸಿರಿಸ್ ಅದು. ಈಗ ಗುರುತಿಸಿರುವವುಗಳ ಲೆಕ್ಕ 13 ಲಕ್ಷ ದಾಟಿದೆ. ಅದರಲ್ಲಿ ಒಂದಕ್ಕೆ ರಾಮಾನುಜನ್ ಹೆಸರೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಆರ್. ರಾಜಮೋಹನ್ ಪತ್ತೆ ಮಾಡಿದ್ದು.

ಗ್ರಹವಾಗದೆ ಉಳಿದ ಸಾಮಗ್ರಿ

ಕ್ಷುದ್ರಗ್ರಹಗಳಲ್ಲಿ ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಜಾಗದಲ್ಲಿವೆ. ಇದಕ್ಕೆ ಮುಖ್ಯ ಪಟ್ಟಿ ಎಂದು ಹೆಸರು. ಸುಮಾರು 460 ಕೋಟಿ ವರ್ಷಗಳ ಹಿಂದೆ ಗ್ರಹಗಳು ರೂಪುಗೊಳ್ಳುವಾಗ ಇಲ್ಲಿನ ಕಲ್ಲುಗಳು ಒಟ್ಟು ಸೇರಿ ಒಂದು ಗ್ರಹವಾಗಲಿಲ್ಲ. ಪಕ್ಕದಲ್ಲೇ ಗುರುವಿನಂಥ ದೈತ್ಯ. ಅದರ ಸೆಳೆತ ಇಲ್ಲಿನ ಕಲ್ಲುಗಳನ್ನು ಕಲಕುತ್ತಲೇ ಇತ್ತು. ನಿಧಾನಕ್ಕೆ ತಾಗಿ ಅಂಟಿಕೊಳ್ಳಬೇಕಾದವು ಜೋರಾಗಿ ಬಡಿದು ಒಡೆದವು. ಮನೆ ಕಟ್ಟಲು ತಂದು ಹಾಕಿದ ಕಲ್ಲು ಮನೆಯಾಗದೆ ಅಂಗಳದಲ್ಲೇ ಬಿದ್ದಿರುತ್ತದಲ್ಲ, ಹಾಗೆ.

ಸಿನಿಮಾದಲ್ಲಿ ಈ ಪಟ್ಟಿಯೊಳಗೆ ನೌಕೆಗಳು ಬಂಡೆ ತಪ್ಪಿಸಿಕೊಂಡು ಹಾರುತ್ತವೆ. ನಿಜದಲ್ಲಿ ಪಟ್ಟಿ ಖಾಲಿ ಖಾಲಿ. ಅಲ್ಲಿರುವ ಎಲ್ಲವನ್ನೂ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ ಶೇ. 3ರಷ್ಟೇ. ಅದರಲ್ಲೂ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಸಿರಿಸ್ ಒಂದರದ್ದೇ. ಆದ್ದರಿಂದ ನೌಕೆಯೊಂದು ಪಟ್ಟಿ ದಾಟುವಾಗ ದಾರಿಯಲ್ಲಿ ಒಂದು ಕ್ಷುದ್ರಗ್ರಹ ಸಿಗಬೇಕಾದರೆ ಹುಡುಕಿಕೊಂಡೇ ಹೋಗಬೇಕು.

ಕರಿ ಕಲ್ಲು, ಬಿಳಿ ಕಲ್ಲು

ಇವುಗಳಲ್ಲಿ ಮುಕ್ಕಾಲು ಪಾಲು ಇದ್ದಿಲಿನಂತೆ ಕಪ್ಪು. ಇಂಗಾಲದ ಅಂಶ ಜಾಸ್ತಿ. ಇನ್ನು ಕೆಲವು ಲೋಹದವು. ಉಳಿದಂತೆ ದೊಡ್ಡ ಗುಂಪು ಕಲ್ಲಿನ ಜಾತಿಯದು, ಸ್ವಲ್ಪ ತಿಳಿ ಬಣ್ಣದವು. ಸಿಲಿಕೇಟ್ ಎಂಬ ಖನಿಜಗಳು, ಜೊತೆಗೆ ಒಂದಿಷ್ಟು ಕಬ್ಬಿಣ ಮತ್ತು ನಿಕಲ್. ನಮ್ಮ ಸುತ್ತಲಿನ ಬಂಡೆಗಳಲ್ಲೂ ಸಿಲಿಕೇಟ್ ಇದೆ, ಅದೇನೂ ಅಪರೂಪದ ವಸ್ತುವಲ್ಲ. ಕಲ್ಲಿನ ಜಾತಿಯವು ಪಟ್ಟಿಯ ಒಳ ಅಂಚಿನಲ್ಲಿ, ಅಂದರೆ ಮಂಗಳದ ಕಡೆಗೆ, ಹೆಚ್ಚು.

ಕೈಗೆ ಸಿಗದ ಕಲ್ಲಿನ ಜಾತಿ ತಿಳಿಯುವುದು ಹೇಗೆ? ಬೆಳಕಿನಿಂದ. ಅದರ ಮೇಲೆ ಬಿದ್ದು ವಾಪಸ್ ಬರುವ ಬಿಸಿಲಿನಲ್ಲಿ ಯಾವ ಬಣ್ಣ ಕಡಿಮೆಯಾಗಿದೆ ಎಂದು ನೋಡುತ್ತಾರೆ. ಅಡಿಕೆ ಮಂಡಿಯಲ್ಲಿ ಪಳಗಿದವರು ಬಣ್ಣ ನೋಡಿಯೇ ರಾಶಿ ಇಡಿ ಯಾವುದು, ಬೆಟ್ಟೆ ಯಾವುದು ಅನ್ನುವುದಿಲ್ವಾ? ಆದರೂ ಕೈಯಲ್ಲಿ ಹಿಡಿದು ನೋಡಿದರೇ ಸಮಾಧಾನ. ಜಪಾನಿನ ಹಯಾಬುಸಾ ನೌಕೆ ಇಟೊಕಾವಾ ಎಂಬ ಕಲ್ಲಿನ ಕ್ಷುದ್ರಗ್ರಹದ ಧೂಳನ್ನು 2010ರಲ್ಲಿ ಭೂಮಿಗೆ ತಂದಿತು. ಭೂಮಿಗೆ ಅತಿ ಹೆಚ್ಚು ಬೀಳುವ ಸಾಮಾನ್ಯ ಉಲ್ಕಾಶಿಲೆಗಳೂ ಆ ಧೂಳೂ ಒಂದೇ ಬಗೆಯವು ಎಂದು ಆಗ ಖಾತ್ರಿಯಾಯಿತು.

ಮೂರು ಜೋಗದಷ್ಟು

ಡಿಂಕಿನೆಶ್ ಮೊದಲು ಕಂಡಿದ್ದು 1999ರ ನವೆಂಬರ್ 4ರಂದು, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿದ್ದ ಲಿನಿಯರ್ ಎಂಬ ಹುಡುಕಾಟ ಯೋಜನೆಗೆ. 152830 ಎಂಬ ಸಂಖ್ಯೆ ಬಿಟ್ಟರೆ ಅದಕ್ಕೆ ಹೆಸರೂ ಇರಲಿಲ್ಲ. ಲಕ್ಷಾಂತರ ಚುಕ್ಕಿಗಳಲ್ಲಿ ಅದೊಂದು ಚುಕ್ಕಿ.

ಅದೃಷ್ಟ ಖುಲಾಯಿಸಿದ್ದು ಲೂಸಿಯಿಂದ. ನಾಸಾದ ಲೂಸಿ ನೌಕೆ 2021ರ ಅಕ್ಟೋಬರ್ 16ರಂದು ಹೊರಟಿದ್ದು ಗುರುವಿನ ದಾರಿಯಲ್ಲೇ ಸುತ್ತುವ ಬೇರೆ ಕ್ಷುದ್ರಗ್ರಹಗಳನ್ನು ನೋಡಲು. ಹೋಗುವ ದಾರಿಯನ್ನು ಮತ್ತೆ ಲೆಕ್ಕ ಹಾಕಿದಾಗ ಈ ಪುಟ್ಟ ಕಲ್ಲಿನಿಂದ 64,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ ಎಂದು ತಿಳಿಯಿತು. ಬಾನಿನ ಲೆಕ್ಕದಲ್ಲಿ ಇದು ಬೇಲಿಯ ಪಕ್ಕದ ಮನೆ. ಓಡುವ ನೌಕೆಯಿಂದ ಗುರಿಯನ್ನು ತಾನಾಗಿ ಹಿಂಬಾಲಿಸುವ ಕ್ಯಾಮೆರಾ ವ್ಯವಸ್ಥೆಯನ್ನು ಪರೀಕ್ಷಿಸಲೂ ಒಂದು ಜಾಗ ಬೇಕಿತ್ತು. ದಾರಿ ಸ್ವಲ್ಪ ತಿರುಗಿಸಿದರು. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ ಲೂಸಿ ಎಂಬ ಆದಿಮಾನವರ ಪಳೆಯುಳಿಕೆಯ ಹೆಸರನ್ನೇ ನೌಕೆಗೆ ಇಟ್ಟಿದ್ದರು. ಅದೇ ಪಳೆಯುಳಿಕೆಗೆ ಅಲ್ಲಿನ ಅಂಹಾರಿಕ್ ಭಾಷೆಯಲ್ಲಿರುವ ಹೆಸರು ಡಿಂಕಿನೆಶ್. "ನೀನು ಅದ್ಭುತ" ಎಂದು ಅರ್ಥ. ಕ್ಷುದ್ರಗ್ರಹಕ್ಕೂ ಅದೇ ಹೆಸರಾಯಿತು.

2023ರ ನವೆಂಬರ್ 1ರಂದು ಲೂಸಿ ಅದರ 430 ಕಿ.ಮೀ. ಹತ್ತಿರದಲ್ಲಿ ಹಾದುಹೋಯಿತು. ವೇಗ ಸೆಕೆಂಡಿಗೆ 4.5 ಕಿ.ಮೀ. ಆ ವೇಗದಲ್ಲಿ ಶಿವಮೊಗ್ಗದಿಂದ ಸಾಗರಕ್ಕೆ 16 ಸೆಕೆಂಡು ಸಾಕು. ನಿಲ್ಲುವುದಿಲ್ಲ, ಇಳಿಯುವುದಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಫೋಟೊ ತೆಗೆದ ಹಾಗೆ.

ಡಿಂಕಿನೆಶ್‌ನ ಅಗಲ ಹೆಚ್ಚೆಂದರೆ 790 ಮೀಟರ್. ಜೋಗದ ಎತ್ತರ 253 ಮೀಟರ್. ಮೂರು ಜೋಗವನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಡಿಂಕಿನೆಶ್. ಸೂರ್ಯನಿಂದ ಸರಾಸರಿ ಸುಮಾರು 33 ಕೋಟಿ ಕಿ.ಮೀ. ದೂರ. ಅದರ ಒಂದು ವರ್ಷ ಅಂದರೆ ನಮ್ಮ 3 ವರ್ಷ 3 ತಿಂಗಳು. ದಿನ ಮಾತ್ರ ಬಹಳ ಚಿಕ್ಕದು. 3 ಗಂಟೆ 44 ನಿಮಿಷಕ್ಕೆ ಒಂದು ಸುತ್ತು. ಶಿವಮೊಗ್ಗದಲ್ಲಿ ಬಸ್ ಹತ್ತಿ ತುಮಕೂರು ಮುಟ್ಟುವಷ್ಟರಲ್ಲಿ ಅಲ್ಲಿ ಒಂದು ಹಗಲು, ಒಂದು ರಾತ್ರಿ ಮುಗಿದಿರುತ್ತದೆ.

ಫೋಟೊದಲ್ಲಿ ಇನ್ನೊಂದು ಸೋಜಿಗವಿತ್ತು. ಡಿಂಕಿನೆಶ್‌ಗೆ ಒಂದು ಪುಟ್ಟ ಚಂದ್ರ! ಆರು ನಿಮಿಷ ಕಳೆದು, ಸುಮಾರು 1,630 ಕಿ.ಮೀ. ಮುಂದೆ ಹೋದ ಮೇಲೆ ಹಿಂತಿರುಗಿ ತೆಗೆದ ಫೋಟೊ ನೋಡಿದರೆ ಆ ಚಂದ್ರ ಒಂದಲ್ಲ, ಒಂದಕ್ಕೊಂದು ತಾಗಿ ಕೂತ ಎರಡು ಉಂಡೆ. ಮೊದಲ ಫೋಟೊದಲ್ಲಿ ಒಂದರ ಹಿಂದೆ ಇನ್ನೊಂದು ಅಡಗಿತ್ತು, ಅಷ್ಟೇ. ಒಂದು 210, ಇನ್ನೊಂದು 230 ಮೀಟರ್. ಒಂದೊಂದೂ ಜೋಗಕ್ಕಿಂತ ತುಸು ಗಿಡ್ಡ. ಕ್ಷುದ್ರಗ್ರಹವೊಂದರ ಸುತ್ತ ಇಂಥ ಜೋಡಿ ಉಂಡೆ ಸುತ್ತುವುದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಇದಕ್ಕೆ ಸೆಲಾಮ್ ಎಂದು ಹೆಸರಿಟ್ಟರು. ಅಂಹಾರಿಕ್‌ನಲ್ಲಿ ಶಾಂತಿ ಎಂದರ್ಥ. 3.1 ಕಿ.ಮೀ. ದೂರದಲ್ಲಿ ಸುತ್ತುತ್ತದೆ, ಒಂದು ಸುತ್ತಿಗೆ ಸುಮಾರು 53 ಗಂಟೆ.

ಬಂಡೆಯಲ್ಲ, ಗುಪ್ಪೆ

ಈಗ ಭಾವನ ಪ್ರಶ್ನೆಗೆ ಬರೋಣ.

ಸೆಲಾಮ್ ಸುತ್ತುವ ದೂರ ಮತ್ತು ಸಮಯ ಗೊತ್ತಿದ್ದರೆ ಡಿಂಕಿನೆಶ್‌ನ ಸೆಳೆತ ಎಷ್ಟೆಂದು ಲೆಕ್ಕ ಹಾಕಬಹುದು. ಸೆಳೆತದಿಂದ ತೂಕ ತಿಳಿಯುತ್ತದೆ. ಗಾತ್ರ ಫೋಟೊದಲ್ಲೇ ಇದೆ. ಹೀಗೆ ನೋಡಿದರೆ ಡಿಂಕಿನೆಶ್ ಅದೇ ಗಾತ್ರದ ನೀರಿಗಿಂತ ಸುಮಾರು 2.4 ಪಟ್ಟು ಭಾರ. ಆದರೆ ಅದೇ ಜಾತಿಯ ಉಲ್ಕಾಶಿಲೆಯನ್ನು ತೂಗಿದರೆ ಮೂರು ಪಟ್ಟಿಗಿಂತ ಜಾಸ್ತಿ ಬರುತ್ತದೆ. ಉಳಿದ ಜಾಗದಲ್ಲಿ ಏನಿದೆ? ಏನೂ ಇಲ್ಲ. ಸಂದು, ಪೊಟರೆ, ಟೊಳ್ಳು. ರಸ್ತೆ ಬದಿಯಲ್ಲಿ ಲಾರಿ ಸುರಿದು ಹೋದ ಜಲ್ಲಿ ರಾಶಿಯ ನಡುವೆ ಕೈ ಹಾಕಿದರೆ ಎಷ್ಟು ಗಾಳಿ ಇರುತ್ತದೆ, ಅಲ್ವಾ?

ಇಂಥವನ್ನು ಕಲ್ಲಿನ ಗುಪ್ಪೆ ಅನ್ನಬಹುದು. ಹಿಂದೆ ಯಾವುದೋ ದೊಡ್ಡ ಕ್ಷುದ್ರಗ್ರಹ ಇನ್ನೊಂದಕ್ಕೆ ಬಡಿದು ಪುಡಿಯಾದಾಗ ಚೆದುರಿದ ಕಲ್ಲು, ಜಲ್ಲಿ, ಮಣ್ಣು ತಮ್ಮದೇ ಸೆಳೆತದಿಂದ ಮತ್ತೆ ಒಟ್ಟು ಸೇರಿದ ರಾಶಿ. ಸಿಮೆಂಟು ಹಾಕಿ ಕಟ್ಟಿದವರಿಲ್ಲ.

ಆ ಸೆಳೆತ ಎಷ್ಟು ಕಡಿಮೆ ಎಂದರೆ, ಭೂಮಿಯದರ ಸುಮಾರು ನಲವತ್ತು ಸಾವಿರದಲ್ಲಿ ಒಂದು ಪಾಲು. ಇಲ್ಲಿ 60 ಕಿಲೋ ತೂಗುವವರು ಅಲ್ಲಿ ಒಂದೂವರೆ ಗ್ರಾಂ. ಕವಳಕ್ಕೆ ಹಾಕುವ ಒಂದು ಹೋಳು ಅಡಿಕೆಯಷ್ಟು. ಸುಮ್ನೆ ಒಂದು ಹೆಜ್ಜೆ ಜೋರಾಗಿ ಇಟ್ಟರೂ ಮೇಲೆ ಹೋದವರು ಕೆಳಗೆ ಬರುವುದಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ಹೋಗಲು ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗ ಸಾಕು. ನಮ್ಮ ಅಜ್ಜಿ ಕೋಲೂರಿಕೊಂಡು ತೋಟಕ್ಕೆ ಹೋಗುತ್ತಿದ್ದುದು ಇದಕ್ಕಿಂತ ಜೋರಾಗಿ.

ಗುಪ್ಪೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ನನಗೆ ಬಹಳ ಇಷ್ಟವಾದದ್ದು ಇದೇ. ಸಾವಿರಾರು ಕ್ಷುದ್ರಗ್ರಹಗಳು ತಮ್ಮ ಸುತ್ತ ತಾವೇ ಸುತ್ತುವ ವೇಗ ಅಳೆದು ನೋಡಿದಾಗ ಸುಮಾರು 200 ಮೀಟರಿಗಿಂತ ದೊಡ್ಡವು 2.2 ಗಂಟೆಗಿಂತ ಕಡಿಮೆ ಸಮಯದಲ್ಲಿ ಒಂದು ಸುತ್ತು ಮುಗಿಸುವುದು ಬಹಳ ಅಪರೂಪ. ಅಲ್ಲೊಂದು ಕಾಣದ ಗೋಡೆ. ಗಟ್ಟಿ ಬಂಡೆಯಾಗಿದ್ದರೆ ಎಷ್ಟು ಜೋರಾಗಿ ಬೇಕಾದರೂ ಸುತ್ತಬಹುದಿತ್ತು. ಮಳೆಯಲ್ಲಿ ನೆನೆದ ಕಂಬಳಿಯನ್ನು ಗರಗರ ತಿರುಗಿಸಿದರೆ ನೀರು ಹಾರುತ್ತದೆ, ಕಂಬಳಿ ಉಳಿಯುತ್ತದೆ. ಇಲ್ಲಿ ಹಿಡಿದಿಡುವ ಕಂಬಳಿಯೇ ಇಲ್ಲ. ಆ ವೇಗ ದಾಟಿದರೆ ಕಲ್ಲುಗಳು ಎದ್ದು ಹೊರಡುತ್ತವೆ.

ಬಿಸಿಲು ಗಿರಗಿಟ್ಲೆ ತಿರುಗಿಸುತ್ತದೆ

ಆದರೆ ಗಾಳಿಯಿಲ್ಲದ ಜಾಗದಲ್ಲಿ ಒಂದು ಗುಪ್ಪೆಯ ವೇಗ ಜಾಸ್ತಿಯಾಗುವುದಾದರೂ ಹೇಗೆ? ಯಾರು ತಿರುಗಿಸುತ್ತಾರೆ? ಬಿಸಿಲು.

ಬೇಸಿಗೆಯಲ್ಲಿ ಜಂಬಿಟ್ಟಿಗೆ ಗೋಡೆಗೆ ಸಂಜೆ ಬೆನ್ನು ಕೊಟ್ಟು ಕೂತರೆ ಇನ್ನೂ ಬಿಸಿ ಇರುತ್ತದೆ. ಹಗಲು ಕುಡಿದ ಶಾಖವನ್ನು ಗೋಡೆ ನಿಧಾನಕ್ಕೆ ಬಿಡುತ್ತಿರುತ್ತದೆ. ಬಿಡುವ ಶಾಖವೂ ಒಂದು ಬಗೆಯ ಬೆಳಕೇ, ಕಣ್ಣಿಗೆ ಕಾಣುವುದಿಲ್ಲ. ಬೆಳಕು ಹೊರಡುವಾಗ ತಾನು ಬಿಟ್ಟ ಮೈಯನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳು ಎಷ್ಟು ಸಣ್ಣದೆಂದರೆ ಭೂಮಿಯ ಮೇಲೆ ನಮಗೆ ಗೊತ್ತೇ ಆಗುವುದಿಲ್ಲ. ಗೋಡೆಯಂತೂ ಕದಲುವುದಿಲ್ಲ.

ಕ್ಷುದ್ರಗ್ರಹದ ಕತೆ ಬೇರೆ. ಅದನ್ನು ತಡೆಯಲು ಗಾಳಿಯಿಲ್ಲ, ನೆಲವಿಲ್ಲ, ಸಮಯ ಮಾತ್ರ ಲಕ್ಷಾಂತರ ವರ್ಷ ಇದೆ. ಚೆಂಡಿನಂತೆ ನುಣ್ಣಗೆ ಇದ್ದಿದ್ದರೆ ಆ ಕಡೆ ಈ ಕಡೆ ತಳ್ಳು ಸರಿಹೋಗುತ್ತಿತ್ತು. ಅಂಕುಡೊಂಕು ಮೈಯಾದರೆ ಒಂದು ಕಡೆ ತುಸು ಜಾಸ್ತಿ. ಸಾಗರದ ಮಾರಿಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಗಿರಗಿಟ್ಲೆ ನೋಡಿ. ಅದರ ಎಲೆಗಳನ್ನು ಓರೆಯಾಗಿ ಮಡಚಿರುವುದರಿಂದ ತಾನೇ ಗಾಳಿಗೆ ತಿರುಗುವುದು? ಅಂಕುಡೊಂಕು ಕ್ಷುದ್ರಗ್ರಹ ಬಿಸಿಲಿನ ಗಿರಗಿಟ್ಲೆ. ಇದನ್ನು ವಿಜ್ಞಾನಿಗಳು ಯಾರ್ಪ್ ಪರಿಣಾಮ ಅನ್ನುತ್ತಾರೆ. ಅದನ್ನು ಬಿಡಿಸಿದ ನಾಲ್ವರ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಪದ. 2007ರಲ್ಲಿ ಒಂದು ಪುಟ್ಟ ಕ್ಷುದ್ರಗ್ರಹದಲ್ಲಿ ಇದನ್ನು ಅಳೆದೇ ತೋರಿಸಿದರು. ಅದರ ದಿನ ಪ್ರತಿ ವರ್ಷ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಚಿಕ್ಕದಾಗುತ್ತಿತ್ತು.

ಧರೆ ಕುಸಿದದ್ದು

ಡಿಂಕಿನೆಶ್‌ನ ಫೋಟೊದಲ್ಲಿ ಎರಡು ಗುರುತು ಎದ್ದು ಕಾಣುತ್ತವೆ. ಒಂದು, ಮೈಮೇಲೆ ಉದ್ದಕ್ಕೆ ಅಗಳ ತೋಡಿದಂಥ ತಗ್ಗು. ಇನ್ನೊಂದು, ಸೊಂಟದ ಸುತ್ತ ಗದ್ದೆಯ ಬದುವಿನಂತೆ ಎದ್ದ ದಿಬ್ಬ. ಇವೆರಡನ್ನೂ ಸೆಲಾಮ್ ಅನ್ನೂ ಒಟ್ಟಿಗೆ ಇಟ್ಟು ನೋಡಿದ ವಿಜ್ಞಾನಿಗಳು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ವಿವರಣೆ ಕೊಟ್ಟರು.

ಅದನ್ನು ಮಲೆನಾಡಿನವರಿಗೆ ಹೇಳುವುದು ಸುಲಭ. ಪುನರ್ವಸು ಮಳೆ ಜಡಿ ಹಿಡಿದಾಗ ಮನೆ ಹಿಂದಿನ ಧರೆಗೆ ವಾರಗಟ್ಟಲೆ ನೀರು ಇಂಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಒಂದು ರಾತ್ರಿ ಸದ್ದಾಗುತ್ತದೆ, ಬೆಳಗ್ಗೆ ನೋಡಿದರೆ ಧರೆಯ ಒಂದು ಭಾಗ ಮರ ಸಮೇತ ಅಂಗಳದಲ್ಲಿ. ಡಿಂಕಿನೆಶ್‌ನಲ್ಲಿ ನೀರಿನ ಬದಲು ಸುತ್ತುವ ವೇಗ. ಬಿಸಿಲು ತಳ್ಳಿ ತಳ್ಳಿ ವೇಗ ಏರುತ್ತಾ ಹೋದಂತೆ ಒಳಗೆ ಬಿಗಿತ ಸೇರುತ್ತಾ ಹೋಯಿತು. ತಡೆಯಲಾರದೆ ಒಂದು ದಿನ ಸುಮಾರು ಕಾಲು ಭಾಗ ಒಮ್ಮೆಲೇ ಕದಲಿತು. ಅಗಳ ಬಿದ್ದದ್ದು ಹಾಗೆ. ಎದ್ದ ಕಲ್ಲು ಮಣ್ಣು ಸುತ್ತಲೂ ಹರಡಿತು. ಒಂದಿಷ್ಟು ನಿಧಾನಕ್ಕೆ ವಾಪಸ್ ಬಿದ್ದು ಸೊಂಟದ ದಿಬ್ಬವಾಯಿತು. ಇನ್ನೊಂದಿಷ್ಟು ಸುತ್ತುತ್ತಾ ಒಟ್ಟುಗೂಡಿ ಸೆಲಾಮ್ ಆಯಿತು. ದಿಬ್ಬ ಅಗಳದ ಮೇಲೆ ಹಾದುಹೋಗಿರುವುದರಿಂದ ಮೊದಲು ಅಗಳ, ಆಮೇಲೆ ದಿಬ್ಬ ಎಂಬ ಕ್ರಮವನ್ನೂ ಫೋಟೊ ನೋಡಿಯೇ ಹೇಳಬಹುದು.

ಮಾಮೂಲಿ ಗುಪ್ಪೆಯಂತೆ ಎಲ್ಲ ಕಡೆಯಿಂದ ಸಮನಾಗಿ ಸುರಿದುಹೋಗದೆ ಒಂದು ತುಂಡು ಒಟ್ಟಿಗೇ ಜಾರಿದೆ ಎಂದರೆ ಅದರೊಳಗೆ ಒಂದಿಷ್ಟು ಅಂಟು, ಬಿಗಿ ಇತ್ತು ಎಂದಾಯಿತು. ಒಣ ಜಲ್ಲಿಯ ರಾಶಿ ಸುರಿಯುತ್ತದೆ. ಧರೆ ಕುಸಿಯುತ್ತದೆ. ಡಿಂಕಿನೆಶ್ ಎರಡನೆಯದಕ್ಕೆ ಹತ್ತಿರ.

ಅಲ್ಲಿಂದ ಇಲ್ಲಿಗೆ

ಡಿಂಕಿನೆಶ್ ಇರುವಲ್ಲೇ ಇದೆ, ಭೂಮಿಯ ದಾರಿಗೆ ಬರುವುದಿಲ್ಲ. ಆದರೆ ಅದರ ಬಳಗದ ಕೆಲವರು ಬರುತ್ತಾರೆ. ಸಂಜೆಯ ಜಂಬಿಟ್ಟಿಗೆ ಗೋಡೆಯ ಅದೇ ಶಾಖ ಕ್ಷುದ್ರಗ್ರಹವನ್ನು ತಿರುಗಿಸುವುದಷ್ಟೇ ಅಲ್ಲ, ದಾರಿಯಿಂದಲೂ ಚೂರು ಚೂರೇ ಸರಿಸುತ್ತದೆ. ಗೊಲೆವ್ಕಾ ಎಂಬ ಒಂದು ಕ್ಷುದ್ರಗ್ರಹ 1991ರಿಂದ 2003ರೊಳಗೆ ಹೀಗೆ ಸುಮಾರು 15 ಕಿ.ಮೀ. ಸರಿದಿದ್ದನ್ನು ರೇಡಾರ್‌ನಿಂದ ಅಳೆದಿದ್ದಾರೆ. ಸರಿಯುತ್ತಾ ಸರಿಯುತ್ತಾ ಪಟ್ಟಿಯ ಕೆಲವು ನಿರ್ದಿಷ್ಟ ಜಾಗಕ್ಕೆ ಬಂದರೆ ಮುಗಿಯಿತು. ಅಲ್ಲಿ ಗುರುವಿನ ಸೆಳೆತ ಪ್ರತಿ ಸುತ್ತಿನಲ್ಲೂ ಒಂದೇ ತಾಳದಲ್ಲಿ ಸಿಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ದಾರಿ ಉದ್ದುದ್ದ ಎಳೆದು ಕೊನೆಗೆ ಭೂಮಿಯ ಕಡೆ ತಿರುಗುತ್ತದೆ.

ಹಾಗೆ ಬಂದ ಒಂದು ತುಂಡು 1866ರಲ್ಲಿ ಉಡುಪಿಯಲ್ಲಿ ಬಿತ್ತು. ಆಗುಂಬೆ ಘಾಟಿ ಇಳಿದರೆ ಸಿಗುವ ಅದೇ ಉಡುಪಿ. ಸಾಮಾನ್ಯ ಕಲ್ಲಿನ ಜಾತಿಯದೇ. ಇನ್ನೊಂದು, ಸುಮಾರು 20 ಮೀಟರಿನದು, 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸುಮಾರು 30 ಕಿ.ಮೀ. ಎತ್ತರದಲ್ಲೇ ಸಿಡಿಯಿತು. ಸುಮಾರು 1,500 ಜನರಿಗೆ ಗಾಯವಾಯಿತು. ಕಲ್ಲು ತಾಗಿ ಅಲ್ಲ. ಬೆಳಕು ನೋಡಲು ಕಿಟಕಿ ಹತ್ತಿರ ಓಡಿ ಬಂದವರ ಮೇಲೆ, ಆಮೇಲೆ ಬಂದ ಸದ್ದಿನ ಅಲೆಗೆ ಗಾಜು ಒಡೆದು ಬಿತ್ತು.

ಗುಪ್ಪೆಗೆ ಗುದ್ದಿದಾಗ

ಹಾಗಾದರೆ ಭಾವ ಹೇಳಿದ ಮದ್ದು? ಗುಪ್ಪೆಗೆ ಮದ್ದು ಇಟ್ಟರೆ ಒಂದರ ಬದಲು ಹತ್ತು ತುಂಡು ಅದೇ ದಾರಿಯಲ್ಲಿ ಬರುವ ಭಯ ಇದೆ. ಅದಕ್ಕಿಂತ ಮೊದಲೇ, ದೂರದಲ್ಲಿರುವಾಗಲೇ, ಮೆಲ್ಲಗೆ ಬದಿಗೆ ತಳ್ಳುವುದು ವಾಸಿ.

2022ರ ಸೆಪ್ಟೆಂಬರ್ 26ರಂದು ಅದನ್ನೇ ಮಾಡಿ ನೋಡಿದರು. ಡಿಡಿಮಸ್ ಎಂಬ ಕ್ಷುದ್ರಗ್ರಹ ಗಾತ್ರದಲ್ಲೂ ಜಾತಿಯಲ್ಲೂ ಡಿಂಕಿನೆಶ್‌ನ ಅಣ್ಣತಮ್ಮನಂತಿದೆ. ಅದರದ್ದೂ ಕಲ್ಲಿನ ಮೈ, ಅದಕ್ಕೂ ಡೈಮಾರ್ಫಸ್ ಎಂಬ ಪುಟ್ಟ ಚಂದ್ರ. ಡಿಡಿಮಸ್ ತನ್ನ ಸುತ್ತ ತಾನೇ ಸುತ್ತುವುದು ಮಾತ್ರ 2 ಗಂಟೆ 16 ನಿಮಿಷಕ್ಕೊಮ್ಮೆ, ಆ ಕಾಣದ ಗೋಡೆಗೆ ಒರಗಿಕೊಂಡೇ. ನಾಸಾದ ಡಾರ್ಟ್ ನೌಕೆ ಸೆಕೆಂಡಿಗೆ 6 ಕಿ.ಮೀ. ವೇಗದಲ್ಲಿ ಹೋಗಿ ಡೈಮಾರ್ಫಸ್‌ಗೆ ನೇರ ಗುದ್ದಿತು. ಅದು ಡಿಡಿಮಸ್ಸನ್ನು ಸುತ್ತುವ ಸಮಯ 73 ಸೆಕೆಂಡು ಬದಲಾದರೂ ಗೆದ್ದಂತೆ ಎಂದುಕೊಂಡಿದ್ದರು. ಬದಲಾದದ್ದು 33 ನಿಮಿಷ.

ಇಷ್ಟು ಜಾಸ್ತಿ ಆಗಿದ್ದಕ್ಕೆ ಅದು ಗುಪ್ಪೆಯಾಗಿದ್ದೇ ಕಾರಣ. ಗುದ್ದಿದ ರಭಸಕ್ಕೆ ಸಡಿಲ ಕಲ್ಲು ಮಣ್ಣು ರಾಶಿ ರಾಶಿಯಾಗಿ ಹಿಂದಕ್ಕೆ ಚಿಮ್ಮಿತು. ಕೋವಿ ಹೊಡೆದಾಗ ಹೆಗಲಿಗೆ ಒದೆ ಬೀಳುತ್ತದಲ್ಲ, ಹಾಗೆ ಚಿಮ್ಮಿದ ಕಲ್ಲುಗಳು ಡೈಮಾರ್ಫಸ್ಸನ್ನು ಒದ್ದು ಹೋದವು. ನೌಕೆಯೊಂದೇ ಕೊಡಬಹುದಾಗಿದ್ದ ತಳ್ಳಿಗಿಂತ ಮೂರೂವರೆ ಪಟ್ಟಿನಷ್ಟು ತಳ್ಳು ಸಿಕ್ಕಿತು ಎಂಬುದು ಒಂದು ಅಂದಾಜು. ಗಟ್ಟಿ ಬಂಡೆಯಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಯಾವ ಕ್ಷುದ್ರಗ್ರಹ ಎಷ್ಟು ಸಡಿಲ, ಎಷ್ಟು ಬಿಗಿ ಎಂದು ಮೊದಲೇ ತಿಳಿದಿರಬೇಕಾದ್ದು ಇದಕ್ಕೇ. ಡಿಂಕಿನೆಶ್‌ನ ಅಗಳ ಮತ್ತು ದಿಬ್ಬವನ್ನು ಅಷ್ಟು ಹೊತ್ತು ಕೂತು ನೋಡುವುದೂ ಇದಕ್ಕೇ.

ಗುದ್ದಿದ ಜಾಗ ಈಗ ಹೇಗಿದೆ, ಅಲ್ಲೊಂದು ಗುಂಡಿ ಬಿದ್ದಿದೆಯೋ ಅಥವಾ ಇಡೀ ಗುಪ್ಪೆಯ ಆಕಾರವೇ ಬದಲಾಗಿದೆಯೋ ಎಂದು ಹತ್ತಿರದಿಂದ ನೋಡಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿದೆ. ಭಾವನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ. "ಮಳೆಗಾಲದೊಳಗೆ ನಮ್ಮ ಹಿಂದಿನ ಧರೆಗೆ ಒಂದು ಕಲ್ಲು ಕಟ್ಟಿಸಬೇಕು, ಮೇಸ್ತ್ರಿ ನಂಬರ್ ಇದೆಯಾ?"